ಶಕ್ತಿ ಅಳಿಯುವುದಿಲ್ಲ ಎಂಬ ಸಮಾಧಾನ

ಸಾವಿನ ಮನೆಯ ಅಂಗಳದಲ್ಲಿ, ದೂರದೂರಿನಿಂದ ಬರಬೇಕಾದವರಿಗೆ ಕಾಯುತ್ತಾ ಕುಳಿತವರ ನಡುವೆ, ಒಂದು ಮಾತು ಈಚೆಗೆ ಬಹಳ ಕೇಳಿಬರುತ್ತದೆ. ಮೊದಲೆಲ್ಲ 'ಋಣ ತೀರಿತು, ಹೋದರು' ಎಂದು ಸುಮ್ಮನಾಗುತ್ತಿದ್ದರು. ಈಗ ಎಂಜಿನಿಯರಿಂಗ್ ಓದಿದ ಅಳಿಯನೋ ಹೈಸ್ಕೂಲು ಮೇಷ್ಟ್ರೋ ಗಂಭೀರವಾಗಿ ಹೇಳುತ್ತಾರೆ: 'ಶಕ್ತಿಯನ್ನ ಸೃಷ್ಟಿ ಮಾಡಕ್ಕೂ ಆಗಲ್ಲ, ನಾಶ ಮಾಡಕ್ಕೂ ಆಗಲ್ಲ ಅಂತ ವಿಜ್ಞಾನವೇ ಹೇಳುತ್ತಲ್ಲ. ಅಂದಮೇಲೆ ಆತ್ಮ ಎಲ್ಲಿ ಹೋಗುತ್ತೆ? ಇಲ್ಲೇ ಎಲ್ಲೋ ಇರುತ್ತೆ.' ಸುತ್ತ ಕುಳಿತವರು ತಲೆದೂಗುತ್ತಾರೆ. ಆ ಹೊತ್ತಿನಲ್ಲಿ ಅದನ್ನು ತಿದ್ದಲು ಯಾರೂ ಹೋಗಬಾರದು. ದುಃಖದಲ್ಲಿರುವವರ ಮುಂದೆ ವಾದಕ್ಕೆ ಜಾಗವಿಲ್ಲ. ಆದರೆ ತಿಥಿ ಮುಗಿದು, ನೆಂಟರೆಲ್ಲ ಊರಿಗೆ ಮರಳಿದ ಮೇಲೂ ಆ ಮಾತು ಕೊರೆಯುತ್ತಲೇ ಇರುತ್ತದೆ. ಅದರ ಮೊದಲ ಅರ್ಧ ಪೂರ್ತಿ ನಿಜ, ಎರಡನೆಯ ಅರ್ಧ ಅದರಿಂದ ಹುಟ್ಟುವುದೇ ಇಲ್ಲ. ಭೌತವಿಜ್ಞಾನವನ್ನು ಅದು ನೋಡದೇ ಇರುವ ಸಂಗತಿಗೆ ಸಾಕ್ಷಿಯಾಗಿ ಕರೆಸಿ ನಿಲ್ಲಿಸಿದಂತಾಗುತ್ತದೆ. ಇದರಿಂದ ವಿಜ್ಞಾನಕ್ಕೂ ನ್ಯಾಯ ಸಿಗುವುದಿಲ್ಲ, ನಂಬಿಕೆಗೂ ಸಿಗುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ

ದಿನಕ್ಕೆ 2000 ಕಿಲೋ ಕ್ಯಾಲರಿ ಊಟ ಮಾಡುವ ಮನುಷ್ಯನ ದೇಹ ಸರಾಸರಿ 97 ವ್ಯಾಟ್ ದರದಲ್ಲಿ ಶಕ್ತಿ ಬಳಸುತ್ತದೆ. ಅದರಲ್ಲಿ ಐದನೇ ಒಂದು ಪಾಲು, ಅಂದರೆ 20 ವ್ಯಾಟ್‌ನಷ್ಟು, ಮೆದುಳಿಗೇ ಬೇಕು. ಈ ಶಕ್ತಿ ದೇಹದೊಳಗೆ ಗಂಟು ಕಟ್ಟಿಟ್ಟದ್ದಲ್ಲ. ಅನ್ನದಿಂದ ಒಳಬಂದು, ಎಟಿಪಿ ಎಂಬ ಅಣುವಿನ ಮೂಲಕ ಕೈ ಬದಲಾಯಿಸಿ, ಕೊನೆಗೆ ಶಾಖವಾಗಿ ಚರ್ಮದಿಂದ ಹೊರಟುಹೋಗುತ್ತದೆ. ಹೃದಯ ನಿಂತರೆ ಆಮ್ಲಜನಕದ ಪೂರೈಕೆ ನಿಲ್ಲುತ್ತದೆ. ಅರ್ಧ ನಿಮಿಷದೊಳಗೆ ಮೆದುಳಿನ ವಿದ್ಯುತ್ ಚಟುವಟಿಕೆ ತೋರಿಸುವ ಇಇಜಿ ಗೆರೆ ಬಹುಮಟ್ಟಿಗೆ ಮಟ್ಟಸವಾಗುತ್ತದೆ, ಕೆಲವು ನಿಮಿಷಗಳಲ್ಲಿ ಅಲ್ಲಿಯ ಎಟಿಪಿ ಬರಿದಾಗುತ್ತದೆ. ಸ್ನಾಯುಗಳಲ್ಲಿ ಇನ್ನಷ್ಟು ಹೊತ್ತು ಉಳಿದಿರುತ್ತದೆ. ಅಲ್ಲೂ ಮುಗಿದಾಗ, ಸಂಕೋಚಿಸಿದ ಸ್ನಾಯುವಿನ ಎಳೆಗಳನ್ನು ಮತ್ತೆ ಬಿಡಿಸಲು ಬೇಕಾದ ಎಟಿಪಿ ಇಲ್ಲದೆ ಅವು ಕಚ್ಚಿಕೊಂಡೇ ನಿಲ್ಲುತ್ತವೆ. ಹೆಣ ಸೆಟೆದುಕೊಳ್ಳುವುದು ಇದರಿಂದಲೇ. ನಮ್ಮ ಹಿರಿಯರು ತಡಮಾಡದೆ ಕೈಕಾಲು ನೆಟ್ಟಗೆ ಮಾಡಿ, ಗದ್ದಕ್ಕೆ ಬಟ್ಟೆ ಕಟ್ಟಿ, ಕಾಲ್ಬೆರಳು ಜೋಡಿಸುತ್ತಿದ್ದರಲ್ಲ, ಆಮೇಲೆ ಅದು ಆಗದ ಕೆಲಸ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಇನ್ನು ಶಾಖ. 60 ಕಿಲೋ ತೂಕದ ದೇಹ ಒಂದು ಡಿಗ್ರಿ ತಣ್ಣಗಾಗಬೇಕಾದರೆ ಸುಮಾರು 210 ಕಿಲೋಜೂಲ್ ಶಾಖ ಹೊರಹೋಗಬೇಕು. 37 ಡಿಗ್ರಿಯಿಂದ 27ಕ್ಕೆ ಇಳಿದರೆ 2100 ಕಿಲೋಜೂಲ್, ಅಂದರೆ 500 ಕಿಲೋ ಕ್ಯಾಲರಿ, ಒಂದು ದಿನದ ಊಟದ ಕಾಲು ಭಾಗ. ಅದೆಲ್ಲ ಕೋಣೆಯ ಗಾಳಿಗೆ, ಚಾಪೆಗೆ, ನೆಲಕ್ಕೆ ಹೋಗುತ್ತದೆ. ಫ್ರೀಜರ್ ಬಾಕ್ಸ್ ತರಿಸಿದ್ದರೆ ಅದರ ಹಿಂಬದಿಯ ಬಿಸಿಗಾಳಿಯಾಗಿ ಬೀದಿಗೆ ಬರುತ್ತದೆ. ದೇಹ ಎಷ್ಟು ತಣ್ಣಗಾಗಿದೆ ಎಂದು ಅಳೆದು ಸತ್ತ ಸಮಯವನ್ನು ಅಂದಾಜು ಮಾಡುವ ವಿಧಾನ ನಿಂತಿರುವುದೂ ಈ ಲೆಕ್ಕದ ಮೇಲೆ. ಕಲಬುರಗಿಯ ಮೇ ತಿಂಗಳಲ್ಲಿ, ಕೋಣೆಯೇ 40 ಡಿಗ್ರಿ ದಾಟಿದ್ದಾಗ, ಈ ವಿಧಾನ ಕೈಕೊಡುತ್ತದೆ. ಆಗ ದೇಹ ತಣ್ಣಗಾಗುವುದಿಲ್ಲ, ಶಾಖ ತಿರುಗಿ ಒಳಗೇ ಬರುತ್ತದೆ.

ಇದಕ್ಕಿಂತ ಬಹಳ ದೊಡ್ಡ ಮೊತ್ತ ಕೊಬ್ಬು ಮತ್ತು ಪ್ರೋಟೀನಿನಲ್ಲಿರುವ ರಾಸಾಯನಿಕ ಶಕ್ತಿ. 12 ಕಿಲೋ ಕೊಬ್ಬು ಇದ್ದರೆ ಅದರಲ್ಲೇ 450 ಮೆಗಾಜೂಲ್‌ನಷ್ಟಿದೆ. ಗಮನಿಸಬೇಕಾದ್ದು ಇಲ್ಲಿ: ಕೊನೆಯುಸಿರಿಗೆ ಒಂದು ನಿಮಿಷ ಮೊದಲೂ ಒಂದು ನಿಮಿಷ ನಂತರವೂ ಈ ಮೊತ್ತ ಹೆಚ್ಚುಕಡಿಮೆ ಅಷ್ಟೇ. ಸಾವಿನ ಕ್ಷಣದಲ್ಲಿ ಅದರಲ್ಲಿ ಏನೂ ಎದ್ದು ಹೋಗುವುದಿಲ್ಲ. ಅದು ಹೊರಬರುವುದು ಚಿತೆಯಲ್ಲಿ, ಇಲ್ಲವೇ ಮಣ್ಣಿನಲ್ಲಿ ನಿಧಾನವಾಗಿ. ಹೆಣದಲ್ಲೇ ಇಷ್ಟು ಶಕ್ತಿ ಇರುವಾಗ ಚಿತೆಗೆ ಯಾಕೆ 400 ಕಿಲೋ ಸೌದೆ ಬೇಕು ಎಂದು ಕೇಳಬಹುದು. ದೇಹದ ಅರ್ಧಕ್ಕಿಂತ ಹೆಚ್ಚು ನೀರು; 36 ಕಿಲೋ ನೀರನ್ನು ಆವಿ ಮಾಡಲಿಕ್ಕೇ 90 ಮೆಗಾಜೂಲ್ ಮೇಲೆ ಬೇಕು, ಅದು ಹೋಗುವ ತನಕ ಉಳಿದದ್ದು ಹೊತ್ತುವುದಿಲ್ಲ. ಬಯಲಿನ ಚಿತೆಯಲ್ಲಿ ಸೌದೆಯ ಶಾಖದ ಬಹುಪಾಲು ಆಕಾಶಕ್ಕೆ ಹೋಗುತ್ತದೆ. ವಿಲ್ಸನ್ ಗಾರ್ಡನ್ನಿನಂಥ ವಿದ್ಯುತ್ ಚಿತಾಗಾರದಲ್ಲಿ ಕುಲುಮೆಯ ಇಟ್ಟಿಗೆ ಮೊದಲೇ ಕಾದಿರುವುದರಿಂದ ಈ ನಷ್ಟ ಕಡಿಮೆ. ಕೊನೆಗೆ ಉಳಿಯುವ ಎರಡು ಮೂರು ಕಿಲೋ ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟು, ಅದು ಉರಿಯುವ ವಸ್ತುವಲ್ಲ. ದೇಹದ 11 ಕಿಲೋ ಇಂಗಾಲ 40 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿ ಸೇರುತ್ತದೆ.

ಜಮಾ ಖರ್ಚು ಎರಡೂ ಹೊಂದುತ್ತವೆ. 'ಪ್ರಾಣದ ಜೊತೆ ಹೋದ ಶಕ್ತಿ' ಎಂದು ಬರೆಯಲು ಒಂದು ಸಾಲೂ ಖಾಲಿ ಉಳಿಯುವುದಿಲ್ಲ. ಹಾಗಾದರೆ ಹೋದದ್ದೇನು? ಹೊಳೆಯ ಸುಳಿ ನಿಂತಾಗ ನೀರು ಒಂದು ಬೊಗಸೆಯೂ ಕಡಿಮೆಯಾಗಿರುವುದಿಲ್ಲ, ಆದರೆ ಸುಳಿ ಇಲ್ಲ. ಹೊಳೆಯ ಇನ್ನೊಂದು ಕಡೆ ಅದನ್ನು ಹುಡುಕುವುದರಲ್ಲಿ ಅರ್ಥವಿಲ್ಲ. ಶಕ್ತಿ ಸಂರಕ್ಷಣಾ ನಿಯಮ ಮಾತಾಡುವುದು ನೀರಿನ ಬಗ್ಗೆ. ಸುಳಿ ಉಳಿಯಬೇಕೆಂದು ಭೌತವಿಜ್ಞಾನದ ಯಾವ ನಿಯಮವೂ ಹೇಳಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಆತ್ಮವನ್ನು ಶಕ್ತಿ ಎನ್ನುವವರು ಸಾಮಾನ್ಯವಾಗಿ ಗೀತೆಯ ಎರಡನೇ ಅಧ್ಯಾಯವನ್ನೂ ಜೊತೆಗೆ ತರುತ್ತಾರೆ: ಶಸ್ತ್ರ ಕತ್ತರಿಸದು, ಬೆಂಕಿ ಸುಡದು, ನೀರು ನೆನೆಸದು. ಆದರೆ ಅದರ ಬೆನ್ನಿಗೇ ಬರುವ ಶ್ಲೋಕ ಆತ್ಮವನ್ನು ಅವ್ಯಕ್ತ, ಅಚಿಂತ್ಯ, ಅವಿಕಾರ್ಯ ಎನ್ನುತ್ತದೆ. ಶಕ್ತಿಯಾದರೋ ಕ್ಷಣಕ್ಷಣವೂ ರೂಪ ಬದಲಿಸುವಂಥದ್ದು. ಅನ್ನ ಶಾಖವಾಗುತ್ತದೆ, ಶಾಖ ಹರಡಿ ಮತ್ತೆ ಕೆಲಸಕ್ಕೆ ಬಾರದಂತಾಗುತ್ತದೆ. ಅದನ್ನು ಜೂಲ್‌ಗಳಲ್ಲಿ ಅಳೆಯಬಹುದು. ಆತ್ಮ ಶಕ್ತಿಯೇ ಆಗಿದ್ದರೆ ಅದಕ್ಕೆ ವಿಕಾರ ಇರಲೇಬೇಕಾಗುತ್ತದೆ. ಗೀತೆಯನ್ನು ನಂಬುವವರೇ ಮೊದಲು ಈ ಸಮೀಕರಣವನ್ನು ಒಪ್ಪದಿರಬೇಕಿತ್ತು.

ಹೇವರ್‌ಹಿಲ್‌ನ ತಕ್ಕಡಿ

ಶಕ್ತಿಯ ವಾದದ ಜೊತೆಗೇ ವಾಟ್ಸಾಪ್‌ನಲ್ಲಿ ತಿರುಗುವ ಇನ್ನೊಂದು ಸಂಗತಿ, ಆತ್ಮದ ತೂಕ 21 ಗ್ರಾಂ ಎಂಬುದು. ಇದು ಕಟ್ಟುಕತೆಯಲ್ಲ, ನಡೆದದ್ದೇ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಹೇವರ್‌ಹಿಲ್ ಊರಿನ ವೈದ್ಯ ಡಂಕನ್ ಮೆಕ್‌ಡೂಗಲ್ 1901ರಲ್ಲಿ ಪ್ರಯೋಗ ಶುರುಮಾಡಿ, 1907ರಲ್ಲಿ ಪ್ರಕಟಿಸಿದ. ಅವನು ಮೋಸಗಾರನಲ್ಲ. ಅವನ ವರದಿಯನ್ನು ಓದಿದರೆ ಗೌರವ ಮೂಡುತ್ತದೆ. ಎಡವಿದ್ದೆಲ್ಲಿ ಎಂಬುದಕ್ಕೆ ಬೇಕಾದ ವಿವರಗಳನ್ನೂ ಅವನೇ ಬರೆದಿಟ್ಟಿದ್ದಾನೆ.

ಪ್ಲಾಟ್‌ಫಾರಂ ತಕ್ಕಡಿಯ ಮೇಲೆ ಹಗುರವಾದ ಚೌಕಟ್ಟು, ಅದರ ಮೇಲೆ ಹಾಸಿಗೆ. ತಕ್ಕಡಿಯ ಸೂಕ್ಷ್ಮತೆ ಔನ್ಸಿನ ಹತ್ತರಲ್ಲಿ ಎರಡು ಪಾಲು, ಅಂದರೆ 5.7 ಗ್ರಾಂ. ಸಾಯುವಾಗ ಒದ್ದಾಟವಿರಬಾರದು, ಇದ್ದರೆ ತಕ್ಕಡಿಯ ದಂಡ ಅಲುಗುತ್ತದೆ; ಅದಕ್ಕಾಗಿ ಹೆಚ್ಚಾಗಿ ಕ್ಷಯದಿಂದ ಪೂರ್ತಿ ಬಳಲಿದವರನ್ನು ಆರಿಸಿಕೊಂಡ. ಮೊದಲ ರೋಗಿಯನ್ನು 3 ಗಂಟೆ 40 ನಿಮಿಷ ನೋಡುತ್ತಾ ಕುಳಿತರು. ಉಸಿರು ಮತ್ತು ಬೆವರಿನ ತೇವ ಆರಿ ಗಂಟೆಗೆ ಒಂದು ಔನ್ಸ್, ಅಂದರೆ 28 ಗ್ರಾಂ, ಇಳಿಯುತ್ತಲೇ ಇತ್ತು. ದಂಡ ಸಮವಾಗಿರಲೆಂದು ತೂಕದ ಬಟ್ಟನ್ನು ಆಗಾಗ ಸರಿಸಬೇಕಾಗುತ್ತಿತ್ತು. ಕೊನೆಯುಸಿರಿನ ಹೊತ್ತಿಗೆ ದಂಡದ ತುದಿ ಸದ್ದಾಗುವಂತೆ ಕೆಳಗಿನ ಪಟ್ಟಿಗೆ ಬಡಿದು ಅಲ್ಲೇ ನಿಂತಿತು. ಇಳಿದ ತೂಕ ಮುಕ್ಕಾಲು ಔನ್ಸ್: 21.3 ಗ್ರಾಂ. ಮಲಮೂತ್ರ ಹೋದರೂ ಹಾಸಿಗೆಯ ಮೇಲೇ ಉಳಿಯುತ್ತದೆ ಎಂದು ತರ್ಕಿಸಿದ. ಪುಪ್ಪುಸದ ಗಾಳಿಯಿಂದ ಹೀಗಾಯಿತೇ ಎಂದು ತಾನೇ ಹಾಸಿಗೆಯ ಮೇಲೆ ಮಲಗಿ ಜೋರಾಗಿ ಉಸಿರಾಡಿ ನೋಡಿದ, ದಂಡ ಕದಲಲಿಲ್ಲ.

ಉಳಿದ ಐವರ ಕತೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಎರಡನೆಯವನ ಉಸಿರು ನಿಂತದ್ದಕ್ಕೂ ಮುಖದ ಸೆಳೆತ ನಿಂತದ್ದಕ್ಕೂ 15 ನಿಮಿಷದ ಅಂತರ. ಸತ್ತದ್ದು ಯಾವಾಗ ಎಂದೇ ನಿಶ್ಚಯವಾಗಲಿಲ್ಲ. ಮೂರನೆಯವನಲ್ಲಿ ಅರ್ಧ ಔನ್ಸ್ ಇಳಿದು, ಕೆಲವು ನಿಮಿಷದ ಮೇಲೆ ಇನ್ನೂ ಒಂದು ಔನ್ಸ್ ಇಳಿಯಿತು. ನಾಲ್ಕನೆಯ ಸಲ ಪ್ರಯೋಗವನ್ನು ವಿರೋಧಿಸುವವರು ಅಡ್ಡಬಂದು ತಕ್ಕಡಿ ಸರಿಯಾಗಿ ಹೊಂದಲಿಲ್ಲ. ಐದನೆಯದರಲ್ಲಿ ತೂಕ ಇಳಿದ ಮೇಲೆ ಬಟ್ಟು ಹಾಕಿ ದಂಡ ಎತ್ತಿದರು, ಆಮೇಲೆ ಬಟ್ಟು ತೆಗೆದರೂ 15 ನಿಮಿಷ ಅದು ಕೆಳಗಿಳಿಯಲೇ ಇಲ್ಲ. ಆರನೆಯವನು ತಕ್ಕಡಿ ಹೊಂದಿಸುವ ಮೊದಲೇ ತೀರಿಕೊಂಡ. ನಾಲ್ಕು ಮತ್ತು ಆರನ್ನು ಮೆಕ್‌ಡೂಗಲ್ ತಾನೇ ಕೈಬಿಟ್ಟ. 21 ಎಂಬುದು ಒಬ್ಬನೇ ಒಬ್ಬನ ಅಂಕಿ.

ಐದನೆಯ ಪ್ರಯೋಗವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಬಟ್ಟು ತೆಗೆದ ಮೇಲೂ ದಂಡ ಕಾಲು ಗಂಟೆ ಕದಲದಿದ್ದರೆ ಆತ್ಮಕ್ಕಿಂತ ಮೊದಲು ಅನುಮಾನಿಸಬೇಕಾದ್ದು ತಕ್ಕಡಿಯನ್ನು. ಅಂಥ ತಕ್ಕಡಿಯಲ್ಲಿ ದಂಡ ಕೂರುವ ಕತ್ತಿಯಂಚಿನಲ್ಲಿ ತುಸು ಘರ್ಷಣೆ ಇದ್ದರೂ ಅದು ಹಿಡಿದುಕೊಂಡು ನಿಂತು, ಸಣ್ಣ ಅಲುಗಾಟಕ್ಕೆ ಒಮ್ಮೆಲೇ ಬಿಡುತ್ತದೆ. ಗಂಟೆಗೆ 28 ಗ್ರಾಂ ಇಳಿಯುತ್ತಿರುವ ಕಡೆ 21 ಗ್ರಾಂ ಎಂದರೆ ಬರೀ 45 ನಿಮಿಷದ ತೇವ. ಸಾವಿನ ಕ್ಷಣವನ್ನು ಹೇಳಲು ಅವನ ಬಳಿ ಇದ್ದದ್ದು ಸ್ಟೆತಾಸ್ಕೋಪು, ಕಣ್ಣು, ಗಡಿಯಾರ. ಇಸಿಜಿ ಇನ್ನೂ ಆಸ್ಪತ್ರೆಗಳಿಗೆ ಬಂದಿರಲಿಲ್ಲ. ಹೋಲಿಕೆಗೆಂದು 15 ನಾಯಿಗಳನ್ನು ತೂಗಿದ, ಅವುಗಳಲ್ಲಿ ತೂಕ ಇಳಿಯಲಿಲ್ಲ. ಹಾಗಾಗಿ ಮನುಷ್ಯನಿಗೆ ಮಾತ್ರ ಆತ್ಮ ಎಂದುಕೊಂಡ. ನಾಯಿಗಳು ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ವ್ಯತ್ಯಾಸ ಅದರಿಂದಲೂ ಬಂದಿರಬಹುದು ಎಂದು ಆಗಲೇ ಆಗಸ್ಟಸ್ ಕ್ಲಾರ್ಕ್ ಎಂಬ ವೈದ್ಯ ಆಕ್ಷೇಪಿಸಿದ್ದ.

ಒಂದು ಪಕ್ಷ 21 ಗ್ರಾಂ ದ್ರವ್ಯರಾಶಿ ನಿಜಕ್ಕೂ ಶಕ್ತಿಯಾಗಿ ಹೊರಟಿತು ಎಂದುಕೊಳ್ಳೋಣ. ಐನ್‌ಸ್ಟೀನ್ ಸಮೀಕರಣದಲ್ಲಿ ಹಾಕಿದರೆ ಸುಮಾರು 4.5 ಲಕ್ಷ ಟನ್ ಟಿಎನ್‌ಟಿ, ಹಿರೋಷಿಮಾ ಬಾಂಬಿನ 30 ಪಟ್ಟು. ಹಾಸಿಗೆಯ ಪಕ್ಕ ಕುಳಿತವರಿಗೆ ಅದು ಗೊತ್ತಾಗದೇ ಇರುವುದು ಸಾಧ್ಯವಿಲ್ಲ.

ಇಂದು ಇದನ್ನೇ ಸರಿಯಾಗಿ ಮಾಡಬಹುದೇ? ಉಪಕರಣದ ಮಟ್ಟಿಗೆ ಕಷ್ಟವಿಲ್ಲ. ಹಾಸಿಗೆಯ ನಾಲ್ಕು ಮೂಲೆಗೂ ತೂಕ ಅಳೆಯುವ ಲೋಡ್ ಸೆಲ್, ಜೊತೆಗೆ ಅದೇ ಗಡಿಯಾರಕ್ಕೆ ಕಟ್ಟಿದ ಇಸಿಜಿ ಮತ್ತು ಇಇಜಿ, ಆವಿಯಾದ ನೀರು ಹೊರಹೋಗದಂತೆ ಮುಚ್ಚಿದ ಕೋಣೆ, ಪಕ್ಕದಲ್ಲಿ ಹೋಲಿಕೆಗೆ 37 ಡಿಗ್ರಿಯಲ್ಲಿಟ್ಟ ನೀರಿನ ಚೀಲ. ಕಷ್ಟವಿರುವುದು ಬೇರೆ ಕಡೆ. ಕೈ ಹಿಡಿದು ಕೂರಬೇಕಾದ ಮಗಳನ್ನು ಹಾಸಿಗೆ ಅಲುಗುತ್ತದೆಂದು ದೂರ ನಿಲ್ಲಿಸಬೇಕು. ಆ ಗಳಿಗೆಯನ್ನು ಅವರಿಂದ ಕಿತ್ತುಕೊಳ್ಳುವ ಹಕ್ಕು ಯಾವ ಪ್ರಯೋಗಕ್ಕೂ ಇಲ್ಲ ಎಂದೇ ನನ್ನ ಅಭಿಪ್ರಾಯ.

ಮಾಹಿತಿ ಉಳಿಯುತ್ತದಲ್ಲ?

ಶಕ್ತಿಯ ವಾದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿದೆ. ಕ್ವಾಂಟಂ ಸಿದ್ಧಾಂತದ ಸಮೀಕರಣಗಳ ಪ್ರಕಾರ ಮಾಹಿತಿಯೂ ನಾಶವಾಗುವುದಿಲ್ಲ. ಚಿತೆಯಿಂದ ಹೊರಟ ಹೊಗೆಯ ಕಣ, ಬೆಳಕಿನ ಫೋಟಾನ್, ಬೂದಿಯ ಅಣು ಎಲ್ಲವನ್ನೂ ಒಟ್ಟುಗೂಡಿಸಿ ಅಳೆದರೆ, ಸುಟ್ಟದ್ದು ಏನಿತ್ತೆಂದು ತತ್ವತಃ ಹಿಂದಕ್ಕೆ ಲೆಕ್ಕ ಹಾಕಬಹುದು. ಕಪ್ಪುಕುಳಿಯ ವಿಷಯದಲ್ಲಿ ಈ ನಿಯಮ ಮುರಿಯುತ್ತದೆಯೇ ಎಂಬುದರ ಮೇಲೆ 1970ರ ದಶಕದಿಂದ ದೊಡ್ಡ ಚರ್ಚೆಯೇ ನಡೆದಿದೆ. ಆದರೆ ಹೀಗೆ ಉಳಿದ ಮಾಹಿತಿ ಯೋಚಿಸುವುದಿಲ್ಲ, ನೆನಪಿಸಿಕೊಳ್ಳುವುದಿಲ್ಲ. ಬೆಳಕಿನ ವೇಗದಲ್ಲಿ ಎಲ್ಲ ದಿಕ್ಕಿಗೂ ಚದುರಿಹೋದ ಫೋಟಾನ್‌ಗಳನ್ನು ಮರಳಿ ಹಿಡಿಯುವವರಿಲ್ಲ. ಉಳಿಯುವುದು ದಾಖಲೆ, ಬದುಕಲ್ಲ.

ಪ್ರಜ್ಞೆ ಮೆದುಳಿನ ಕ್ವಾಂಟಂ ಸ್ಥಿತಿಗಳಿಂದ ಬರುತ್ತದೆ ಎಂಬಂಥ, ಕ್ವಾಂಟಂ ಹೆಸರಿನ ಮಿಕ್ಕ ವಾದಗಳನ್ನು ಬೇಗ ದಾಟಬಹುದು. ಭೌತವಿಜ್ಞಾನಿ ಮ್ಯಾಕ್ಸ್ ಟೆಗ್ಮಾರ್ಕ್ 2000ದಲ್ಲಿ ಹಾಕಿದ ಲೆಕ್ಕದ ಪ್ರಕಾರ ಮೆದುಳಿನ ಬಿಸಿ, ಒದ್ದೆ ವಾತಾವರಣದಲ್ಲಿ ಸೂಕ್ಷ್ಮ ಕ್ವಾಂಟಂ ಸ್ಥಿತಿ ಹೆಚ್ಚೆಂದರೆ ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತು ಉಳಿಯುತ್ತದೆ. ನರಕೋಶ ಕೆಲಸ ಮಾಡುವುದು ಮಿಲಿಸೆಕೆಂಡುಗಳಲ್ಲಿ. ಇಂಥ ಒಂದು ಸಿದ್ಧಾಂತ ಮಂಡಿಸಿದ ಪೆನ್‌ರೋಸ್ ಮತ್ತು ಹ್ಯಾಮರಾಫ್ ಇದನ್ನು ಒಪ್ಪುವುದಿಲ್ಲ, ಆದರೆ ತಮ್ಮ ಸಿದ್ಧಾಂತವನ್ನು ಹೆಚ್ಚಿನವರು ಒಪ್ಪುವಂತೆ ಮಾಡಲೂ ಅವರಿಗೆ ಆಗಿಲ್ಲ.

ಭೌತವಿಜ್ಞಾನಿಯೊಬ್ಬ ಸಾವಿನ ಮುಂದೆ ಭೌತವಿಜ್ಞಾನದಿಂದಲೇ ಸಾಂತ್ವನ ತೆಗೆದ ಒಂದು ಗಳಿಗೆ ಮಾತ್ರ ನನಗೆ ಪ್ರಾಮಾಣಿಕವೆನಿಸುತ್ತದೆ. 1955ರ ಮಾರ್ಚ್‌ನಲ್ಲಿ ಐನ್‌ಸ್ಟೀನರ ಜೀವದ ಗೆಳೆಯ ಮಿಕೆಲೆ ಬೆಸ್ಸೊ ತೀರಿಕೊಂಡ. ಪೇಟೆಂಟ್ ಕಚೇರಿಯ ದಿನಗಳಲ್ಲಿ ಸಾಪೇಕ್ಷತೆಯ ಬಗ್ಗೆ ಅವರು ತಲೆಕೆಡಿಸಿಕೊಂಡು ಚರ್ಚಿಸಿದ್ದು ಇವನೊಡನೆಯೇ. ಬೆಸ್ಸೊನ ಮನೆಯವರಿಗೆ ಐನ್‌ಸ್ಟೀನ್ ಬರೆದರು: ಅವನು ನನಗಿಂತ ತುಸು ಮುಂಚೆ ಹೊರಟಿದ್ದಾನೆ, ಅದಕ್ಕೇನೂ ಅರ್ಥವಿಲ್ಲ, ಭೌತವಿಜ್ಞಾನವನ್ನು ನಂಬಿದ ನಮಗೆ ಭೂತ, ವರ್ತಮಾನ, ಭವಿಷ್ಯಗಳ ಭೇದ ಬಿಡದೆ ಕಾಡುವ ಒಂದು ಭ್ರಮೆಯಷ್ಟೇ. ಮುಂದಿನ ತಿಂಗಳು, ಏಪ್ರಿಲ್ 18ರಂದು, ಅವರೂ ಹೋದರು. ಗಮನಿಸಿ, ಬೆಸ್ಸೊ ಮುಂದೆ ಎಲ್ಲೋ ಇದ್ದಾನೆ ಎಂದು ಅವರು ಬರೆಯಲಿಲ್ಲ. ಅವನು ಬದುಕಿದ ವರ್ಷಗಳು ಇಲ್ಲವಾಗಲಿಲ್ಲ ಎಂಬುದಷ್ಟೇ ಅದರ ತಿರುಳು. ಅದೂ ಸಮೀಕರಣವನ್ನು ಓದುವ ಒಂದು ಬಗೆ. ಪ್ರಯೋಗ ಸಾಬೀತು ಮಾಡಿದ್ದಲ್ಲ.

ಮರಳಿ ಬಂದವರು

ಹೃದಯ ನಿಂತು ಮತ್ತೆ ಬದುಕಿದವರ ಮಾತನ್ನು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ವೈದ್ಯ ಸ್ಯಾಮ್ ಪಾರ್ನಿಯಾ ಅವರ ತಂಡ 2008ರಿಂದ 2012ರವರೆಗೆ 15 ಆಸ್ಪತ್ರೆಗಳಲ್ಲಿ ಹೃದಯ ಸ್ತಂಭನದ 2060 ಪ್ರಕರಣಗಳನ್ನು ದಾಖಲಿಸಿತು. ಉಪಾಯ ಸರಳವಾಗಿತ್ತು: ಸೂರಿನ ಹತ್ತಿರ ಹಲಗೆ ಜಡಿದು, ಮೇಲಿನಿಂದ ಮಾತ್ರ ಕಾಣುವಂತೆ ಚಿತ್ರ ಇಡುವುದು. ದೇಹದಿಂದ ಹೊರಬಂದು ಮೇಲಿನಿಂದ ನೋಡಿದೆ ಎನ್ನುವವರು ಚಿತ್ರ ಯಾವುದೆಂದು ಹೇಳಲಿ. ಹಲಗೆ ಇದ್ದ ಜಾಗದಲ್ಲಿ ಹೃದಯ ನಿಂತದ್ದು 22 ಶೇಕಡಾ ಪ್ರಕರಣಗಳಲ್ಲಿ ಮಾತ್ರ. ಸುತ್ತ ನಡೆದದ್ದನ್ನು ಕಂಡ, ಕೇಳಿದ ನೆನಪು ಸ್ಪಷ್ಟವಾಗಿದ್ದ ಇಬ್ಬರೂ ಹಲಗೆಯಿಲ್ಲದ ಕಡೆ ಇದ್ದವರು. ಅವರಲ್ಲಿ ಒಬ್ಬರ ವಿವರಣೆ ನಿಜಕ್ಕೂ ನಡೆದದ್ದಕ್ಕೆ ಹೊಂದಿತು. 2023ರ ಎರಡನೇ ಅಧ್ಯಯನದಲ್ಲಿ ತಲೆಯ ಬಳಿ ಟ್ಯಾಬ್ಲೆಟ್ ಕಟ್ಟಿದರು, ಕಿವಿಗೆ ಹಣ್ಣಿನ ಹೆಸರು ಕೇಳಿಸಿದರು. 567 ಪ್ರಕರಣ, ಬದುಕಿದವರು 53, ಮಾತಾಡಲು ಸಿಕ್ಕವರು 28. ಚಿತ್ರ ಯಾರೂ ಹೇಳಲಿಲ್ಲ, ಹಣ್ಣಿನ ಹೆಸರನ್ನು ಒಬ್ಬರು ಹೇಳಿದರು.

ಎದೆಯನ್ನು ಸರಿಯಾಗಿ ಒತ್ತಿದರೆ ಸಾಮಾನ್ಯ ರಕ್ತಚಲನೆಯ ಸುಮಾರು ಕಾಲು ಭಾಗದಷ್ಟು ನಡೆಯುತ್ತದೆ, ಮೆದುಳಿಗೆ ಅಷ್ಟಿಷ್ಟು ರಕ್ತ ಹೋಗುತ್ತಲೇ ಇರುತ್ತದೆ. ಒತ್ತಲು ಶುರುಮಾಡಿ 35ರಿಂದ 60 ನಿಮಿಷವಾದ ಮೇಲೂ ಕೆಲವರ ಇಇಜಿಯಲ್ಲಿ ಸಹಜ ಅಲೆಗಳು ಕಂಡದ್ದು ಅದೇ ಅಧ್ಯಯನದಲ್ಲಿ. ಹೀಗಾಗಿ ಈ ಎಲ್ಲ ವರದಿಗಳಿಗೂ ಒಂದು ಗಡಿ ಇದೆ: ಮರಳಿ ಬಂದವರು ಹೋಗಿ ಮುಟ್ಟಿರಲಿಲ್ಲ. ನಮ್ಮ 1994ರ ಅಂಗಾಂಗ ಕಸಿ ಕಾಯ್ದೆ ಮೆದುಳು ಕಾಂಡದ ಸಾವನ್ನು ಘೋಷಿಸಲು ನಾಲ್ವರು ವೈದ್ಯರ ಮಂಡಳಿ, ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಎಂದು ಇಟ್ಟಿರುವುದು ಇದೇ ಕಾರಣಕ್ಕೆ. ವೆಂಟಿಲೇಟರ್ ಕಳಚಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ ಪಾದರಸದ 60 ಮಿಲಿಮೀಟರ್‌ಗೆ ಏರಿದರೂ ಒಂದು ಉಸಿರೂ ಬರದಿದ್ದರೆ ಮಾತ್ರ ಆ ಪರೀಕ್ಷೆ ಮುಗಿದಂತೆ. ಪ್ರಕೃತಿ ಗೆರೆ ಎಳೆಯದ ಕಡೆ ಕಾನೂನು ಎಚ್ಚರಿಕೆಯಿಂದ ಒಂದು ಗೆರೆ ಎಳೆದಿದೆ.

ಈ ಅನುಭವಗಳ ಬಗ್ಗೆ ನಮ್ಮಲ್ಲೇ ಗಂಭೀರ ಕೆಲಸ ಮಾಡಿದವರು ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ. ಚನ್ನಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ಅವರು ಇದಕ್ಕೆಂದೇ ಸಮೀಕ್ಷೆ ನಡೆಸಿದ್ದರು. ಅದಕ್ಕೂ ಮೊದಲು 1986ರಲ್ಲಿ, ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್ಸನ್ ಜೊತೆ ಭಾರತದ 16 ಪ್ರಕರಣಗಳನ್ನು ಪ್ರಕಟಿಸಿದರು. ಅಮೆರಿಕದವರಿಗೆ ಸುರಂಗ, ಬೆಳಕು. ಇಲ್ಲಿಯವರಿಗೆ ಯಮದೂತರು, ಪುಸ್ತಕ ನೋಡುವ ಗುಮಾಸ್ತ, 'ಇವನಲ್ಲ, ಬೇರೆಯವನನ್ನ ತರಬೇಕಿತ್ತು' ಎಂದು ವಾಪಸು ಕಳಿಸುವುದು. ಅನುಭವ ಸುಳ್ಳಲ್ಲ. ಆದರೆ ಅದರ ಬಣ್ಣ ಊರಿನದು, ಮನೆಯದು.

ಸ್ಟೀವನ್ಸನ್ ತಮ್ಮ ಮೇಲೆಯೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದರು. ತಮಗೆ ಮಾತ್ರ ಗೊತ್ತಿದ್ದ ಸಂಕೇತದಿಂದ ಅಂಕಿಯ ಬೀಗವೊಂದನ್ನು ಹೊಂದಿಸಿ ವಿಶ್ವವಿದ್ಯಾಲಯದ ಕಪಾಟಿನಲ್ಲಿಟ್ಟು, ಸತ್ತ ಮೇಲೆ ಸಾಧ್ಯವಾದರೆ ತಿಳಿಸುತ್ತೇನೆ ಎಂದಿದ್ದರು. ಅವರು ತೀರಿಕೊಂಡದ್ದು 2007ರಲ್ಲಿ. ಬೀಗ ತೆರೆದ ಸುದ್ದಿ ಬಂದಿಲ್ಲ. ಪರೀಕ್ಷೆಯೆಂದರೆ ಹೀಗಿರಬೇಕು ಎನ್ನಿಸುವಷ್ಟು ಅಚ್ಚುಕಟ್ಟು: ಸೋಲುವ ಸಾಧ್ಯತೆಯನ್ನು ಅವರು ಮೊದಲೇ ಒಪ್ಪಿಕೊಂಡಿದ್ದರು.

ಭೌತವಿಜ್ಞಾನ ನಿಲ್ಲುವ ಕಡೆ

ಆತ್ಮ ಮೆದುಳನ್ನು ನಡೆಸುತ್ತದೆ ಎನ್ನುವುದಾದರೆ ಅದು ನರಕೋಶದ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳನ್ನು ತಳ್ಳಬೇಕು. ಆ ಗಾತ್ರದಲ್ಲಿ ಲೆಕ್ಕಕ್ಕೆ ಬರುವ ಬಲಗಳು ವಿದ್ಯುತ್ಕಾಂತೀಯ ಬಲ ಮತ್ತು ಗುರುತ್ವ, ಎರಡೇ. ಅಯಾನುಗಳನ್ನು ಅಲುಗಿಸುವಷ್ಟು ಬಲವಾದ ಮೂರನೆಯದೊಂದು ಇದ್ದಿದ್ದರೆ ಈ ತನಕದ ಪ್ರಯೋಗಗಳಿಗೆ ಅದು ತಪ್ಪಿಸಿಕೊಳ್ಳುತ್ತಿರಲಿಲ್ಲ. ಮೆದುಳು ಚೈತನ್ಯವನ್ನು ಹುಟ್ಟಿಸುವುದಿಲ್ಲ, ಹಾದುಹೋಗಲು ಬಿಡುತ್ತದೆ ಎಂದು ಅಮೆರಿಕದ ತತ್ವಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1897ರಲ್ಲಿ ಮಂಡಿಸಿದ ವಾದಕ್ಕೂ ಇದೇ ತೊಡಕು.

ಆತ್ಮ ಏನನ್ನೂ ಮಾಡುವುದಿಲ್ಲ, ಬರೀ ಸಾಕ್ಷಿ ಎಂದರೆ ಮಾತು ಬೇರೆ. ಸಾಂಖ್ಯದ ಪುರುಷ, ಅದ್ವೈತದ ಸಾಕ್ಷಿ ಹೀಗೇ ಇರುವಂಥವು. ಇಂಥದ್ದರ ಬಗ್ಗೆ ಭೌತವಿಜ್ಞಾನ ಹೌದು ಎನ್ನಲಾರದು, ಇಲ್ಲ ಎನ್ನಲೂ ಆರದು. ಇದು ನಿಜವಾದ ಗಡಿ. ಆದರೆ ಈ ದಾರಿ ಹಿಡಿದವರು ಒಂದು ಬೆಲೆ ತೆರಬೇಕು. ಹೆನ್ರಿ ಮೊಲೈಸನ್ ಎಂಬಾತನಿಗೆ 1953ರಲ್ಲಿ ಮೂರ್ಛೆರೋಗದ ಚಿಕಿತ್ಸೆಗೆಂದು ಮೆದುಳಿನ ಎರಡೂ ಬದಿಯಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲನ್ನು ತೆಗೆದರು. 2008ರಲ್ಲಿ ತೀರಿಕೊಳ್ಳುವ ತನಕ ಅವನಿಗೆ ಹೊಸದಾಗಿ ನಡೆದದ್ದು ನೆನಪಿನಲ್ಲಿ ನಿಲ್ಲಲಿಲ್ಲ. ದಶಕಗಳ ಕಾಲ ಪರೀಕ್ಷೆ ಮಾಡಿದ ವಿಜ್ಞಾನಿಯೂ ಅವನಿಗೆ ಪ್ರತಿ ಸಲ ಹೊಸಬರೇ. ಅಷ್ಟು ಸಣ್ಣ ತುಣುಕು ಹೋದರೆ ಇಷ್ಟು ಹೋಗುವುದಾದರೆ, ಇಡೀ ಮೆದುಳು ಚಿತೆಗೆ ಹೋದ ಮೇಲೆ ಮೊಮ್ಮಗಳ ಹೆಸರು, ಹಿತ್ತಲಿನ ನುಗ್ಗೆಮರ, ತೀರದ ಸಾಲ ಯಾವುದೂ ಆ ಸಾಕ್ಷಿಯ ಬಳಿ ಇರುವುದಿಲ್ಲ. ಉಳಿಯುವುದು ಏನೇ ಇರಲಿ, ಮನೆಯವರು ಅಳುತ್ತಿರುವ ಆ ಅಜ್ಜ ಅದಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಹಾಗೇ ಇದೆ. ಅರಿವಳಿಕೆ ವೈದ್ಯರು ಕಿಲೋಗೆ 2 ಮಿಲಿಗ್ರಾಂ ಪ್ರೊಪೊಫಾಲ್ ಚುಚ್ಚಿದರೆ ಒಂದು ನಿಮಿಷದೊಳಗೆ ಎಚ್ಚರ ಹೋಗುತ್ತದೆ. ನರಕೋಶದ ಯಾವ ಗ್ರಾಹಕಕ್ಕೆ ಅದು ಅಂಟುತ್ತದೆ, ಅಲೆಗಳು ಹೇಗೆ ಬದಲಾಗುತ್ತವೆ ಎಲ್ಲ ಗೊತ್ತು. ಆದರೆ ಆ ಅಲೆಗಳು ಇದ್ದಾಗ ಒಳಗೆ ನೋವು, ಕೆಂಪು, ಮಲ್ಲಿಗೆಯ ಘಮ ಎಂಬ ಅನುಭವ ಏಕಾದರೂ ಇರಬೇಕು ಎಂಬುದು ನಮ್ಮ ಯಾವ ಸಮೀಕರಣದಿಂದಲೂ ಹೊರಡುವುದಿಲ್ಲ. ದ್ರವ್ಯರಾಶಿ, ವಿದ್ಯುದಾವೇಶ, ಕ್ಷೇತ್ರ ಎಂದು ಭೌತವಿಜ್ಞಾನ ಹೇಳುವುದೆಲ್ಲ ಒಂದು ಇನ್ನೊಂದಕ್ಕೆ ಏನು ಮಾಡುತ್ತದೆ ಎಂಬುದನ್ನು. ಈ ಕಂದರವನ್ನು ನೋಡಿ 'ನೋಡಿ, ಆತ್ಮ ಇದೆ' ಎಂದು ಜಿಗಿಯುವುದೂ ತಪ್ಪು, ಕಂದರವೇ ಇಲ್ಲ ಎನ್ನುವುದೂ ತಪ್ಪು. 1998ರಲ್ಲಿ ನರವಿಜ್ಞಾನಿ ಕ್ರಿಸ್ಟೋಫ್ ಕೋಖ್, ಮೆದುಳಿನಲ್ಲಿ ಪ್ರಜ್ಞೆಯ ಸ್ಪಷ್ಟ ಗುರುತು 25 ವರ್ಷದೊಳಗೆ ಸಿಗುತ್ತದೆ ಎಂದು ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ ಜೊತೆ ಬಾಜಿ ಕಟ್ಟಿದ್ದರು. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಸಮ್ಮೇಳನದಲ್ಲಿ ಎರಡು ಪ್ರಮುಖ ಸಿದ್ಧಾಂತಗಳನ್ನು ಎದುರುಬದುರು ನಿಲ್ಲಿಸಿದ ಪ್ರಯೋಗದ ಫಲಿತಾಂಶ ಬಂತು. ಯಾವುದೂ ಪೂರ್ತಿ ಗೆಲ್ಲಲಿಲ್ಲ. ಕೋಖ್ ಸೋಲೊಪ್ಪಿ, ಒಂದು ಪೆಟ್ಟಿಗೆ ವೈನ್ ತಂದುಕೊಟ್ಟು, ಮತ್ತೆ 25 ವರ್ಷಕ್ಕೆ ಅದೇ ಬಾಜಿ ಕಟ್ಟಿದರು. ಈ ಕೆಲಸವೆಲ್ಲ ನಡೆಯುತ್ತಿರುವುದು ಬದುಕಿರುವವರ ಮೆದುಳಿನ ಮೇಲೆ, ಗಡುವು ಈಗ 2048.